ಗಂಗಾಧರಯ್ಯನವರ ಹೊಸ್ತಿಲು

ಗಂಗಾಧರಯ್ಯನವರು ಯಾವ ಕೋಣೆಗೆ ಕಾಲಿಡುವ ಮುಂಚೆಯೂ ಹೊಸ್ತಿಲಿನ ಹೊರಗೆ ಎರಡು ಕ್ಷಣ ನಿಲ್ಲುತ್ತಿದ್ದರು. ಬಾಗಿಲು ತೆರೆದೇ ಇರಲಿ, ಒಳಗಿನಿಂದ ಯಾರೋ ಕೂಗಿ ಕರೆಯುತ್ತಲೇ ಇರಲಿ, ನಿಂತು ಒಳಗಿನ ನಾಲ್ಕೂ ಮೂಲೆ ನೋಡಿ, ಅಂಗಿಯ ಮೇಲೆ ಕೈಯಾಡಿಸಿ ಕೊರಳಿನ ಲಿಂಗದ ಕರಡಿಗೆ ಜಾಗದಲ್ಲಿದೆಯೇ ಎಂದು ಮುಟ್ಟಿಕೊಂಡು, ಆಮೇಲೆ ಒಳಗೆ ಬರುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಕೇಳಿಬಿಟ್ಟೆ.

"ಏನ್ ಸರ್, ಶಕುನ ನೋಡ್ತಿದೀರಾ?"

"ಇಲ್ಲಮ್ಮ. ಒಳಗ್ ಹೋಗಿ ಏನ್ ಮಾಡ್ಬೇಕು ಅಂತ ಹೊರಗೇ ನೆನಪು ಮಾಡ್ಕೊಳ್ತಿದೀನಿ. ಒಳಗ್ ಬಂದ್ಮೇಲೆ ನಿಮ್ಮಂಥೋರು ಮಾತಿಗ್ ಎಳೀತೀರ, ಎಲ್ಲಾ ಮರ್ತೋಗತ್ತೆ."

ನನಗೆ ದೆವ್ವಗಳಲ್ಲಿ ನಂಬಿಕೆ ಇಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಓದುವವರಿಗೆ ಅನುಮಾನ ಬರಬಾರದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಆತ್ಮ, ಪುನರ್ಜನ್ಮ, ವಾಸ್ತು ಎಲ್ಲವನ್ನೂ ಏಳೇಳು ನಿಮಿಷಗಳಲ್ಲಿ ಮುಗಿಸಿ ಬಂದವಳು ನಾನು. ಆದರೂ ಹೇಳುತ್ತೇನೆ: ಗಂಗಾಧರಯ್ಯನವರು ತೀರಿಕೊಂಡ ಮೇಲೂ, ಈ ಊರಿನ ಎಷ್ಟೋ ಕಟ್ಟಡಗಳಲ್ಲಿ, ಕರೆಂಟು ಹೋಗಿ ಬಂದಾಗಲೆಲ್ಲ ಒಂದೊಂದು ಲಿಫ್ಟೂ ಹೊರಡುವ ಮುಂಚೆ ಅವರಿದ್ದಾರೆಯೇ ಎಂದು ವಿಚಾರಿಸುತ್ತಿತ್ತು. ಇಲ್ಲ ಎಂಬ ಉತ್ತರ ಪಡೆದು ಮುಂದಕ್ಕೆ ಹೋಗುತ್ತಿತ್ತು. ಇದು ಅಲಂಕಾರದ ಮಾತಲ್ಲ. ಸಾಕ್ಷಿ ಇದೆ.

ಜಯನಗರದ ಹಳೆಯ ಮನೆಯೊಂದರ ಮೇಲ್ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಬ್ಲೌಸ್ ಹೊಲಿಯುವ ಅಂಗಡಿ; ಅದರ ಮಷಿನ್ನುಗಳ ಸದ್ದು ದಿನವಿಡೀ ನಮ್ಮ ನೆಲದಲ್ಲಿ ಗುಯ್‌ಗುಡುತ್ತದೆ. ನಾವು ಲಿಫ್ಟ್ ಮಾಡುವವರಲ್ಲ. ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯೊಳಗೆ ಓಡುವ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ನಮ್ಮದು. ಯಾವ ಮಹಡಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂಬುದನ್ನೆಲ್ಲ ಲಿಫ್ಟ್ ಮೆಕ್ಯಾನಿಕ್ಕುಗಳೇ ಅದರಲ್ಲಿ ಬರೆದುಕೊಳ್ಳಬಹುದು. ಆದರೆ ಅವರು ಬರೆದ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಅದನ್ನು ಹೊತ್ತು ನಡೆಸುವ ಇನ್ನೊಂದು ಬೇಕು; ಅದಕ್ಕೆ ರನ್‌ಟೈಮ್ ಎಂದು ಹೆಸರು. ಕರೆಂಟು ಬಂದಾಗ ಮೊದಲು ಏಳುವುದು ಅದೇ. ಎದ್ದು, ಜಾಗ ಮಾಡಿಕೊಂಡು, ತನ್ನನ್ನು ಎಬ್ಬಿಸಿದ ಆಜ್ಞೆಯ ಸಾಲನ್ನು ಓದಿ, ಅದರಲ್ಲಿ ತನಗೆ ಹೇಳಿದ ಮಾತು ಯಾವುದು, ಪ್ರೋಗ್ರಾಮಿಗೆ ಹೇಳಿದ್ದು ಯಾವುದು ಎಂದು ಬೇರ್ಪಡಿಸಿ, ಆಮೇಲೆ ಪ್ರೋಗ್ರಾಮಿನ ಮೊದಲ ಸಾಲನ್ನು ಮುಂದೆ ಬಿಟ್ಟು ತಾನು ಹಿಂದೆ ಸರಿಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಆ ಕೆಲಸವೇ ಗಂಗಾಧರಯ್ಯನವರ ಅಷ್ಟೂ ವರ್ಷಗಳ ನೌಕರಿ.

"ಮದ್ವೆ ಛತ್ರದಲ್ಲಿ ಎಲ್ರಿಗಿಂತ ಮುಂಚೆ ಬಂದು ಒಲೆ ಹಚ್ಚಿ ನೀರ್ ಕಾಯ್ಸೋನು ನಾನು" ಎನ್ನುತ್ತಿದ್ದರು. "ಊಟ ಹೊಗಳೋರು ಅಡ್ಗೆಯವನ್ನ ಹೊಗಳ್ತಾರೆ. ಬೇಜಾರಿಲ್ಲ. ಆದ್ರೆ ಹೊಗೆ ತುಂಬ್ಕೊಂಡ್ರೆ ಮಾತ್ರ ನನ್ನೇ ಹುಡುಕ್ಕೊಂಡ್ ಬರ್ತಾರೆ."

ತಿಪಟೂರಿನ ಕಡೆಯವರು. ಕತ್ರಿಗುಪ್ಪೆಗೆ ಬಂದು ಮೂವತ್ತು ವರ್ಷವಾಗಿತ್ತು. ಅರ್ಧ ತೋಳಿನ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಮಡಿಸಿದ ಹಾಳೆ. ಲಿಂಗಪೂಜೆ ಆಗದೆ ನೀರೂ ಮುಟ್ಟುತ್ತಿರಲಿಲ್ಲ. ನಾನು ಬಿಡುತ್ತೇನೆಯೇ? ಒಂದು ದಿನ ಪೂಜೆ ಬಿಟ್ಟು ನೋಡಿ ಸರ್, ಏನಾಗುತ್ತದೆಂದು ಪ್ರಯೋಗ ಮಾಡೋಣ ಎಂದೆ.

"ಆಗ್ಲಿ. ಅವತ್ತು ನೀನು ಹಲ್ಲುಜ್ಜೋದು ಬಿಟ್ಟು ಬಾ. ಇಬ್ರೂ ಒಟ್ಟಿಗೆ ಪ್ರಯೋಗ ಮಾಡೋಣ. ನಾನು ಮಾತ್ರ ಸ್ವಲ್ಪ ದೂರ ಕೂತ್ಕೋತೀನಿ."

ಆ ದಿನದಿಂದ ನನ್ನ ಹೆಸರು ಲಾಯರಮ್ಮ ಎಂದಾಯಿತು.

ಹೊಸಬರಿಗೆ ಆಜ್ಞೆಯ ಸಾಲನ್ನು ಕಲಿಸಲು ಅವರು ಕಾಫಿ ಲೋಟವನ್ನೂ ಬಿಸ್ಕತ್ತುಗಳನ್ನೂ ಬಳಸುತ್ತಿದ್ದರು. ಮೇಜಿನ ನಡುವೆ ಲೋಟ: ಅದು ಪ್ರೋಗ್ರಾಮಿನ ಹೆಸರು. ಅದರ ಎಡಕ್ಕೆ ಎರಡು ಬಿಸ್ಕತ್ತು, ಬಲಕ್ಕೆ ಎರಡು.

"ಎಡಗಡೆ ಇರೋದು ರನ್‌ಟೈಮಿಗೆ ಹೇಳಿದ್ದು, ಅದು ನಂದು. ಬಲಗಡೆ ಬಿದ್ದಿದ್ದು ಪ್ರೋಗ್ರಾಮಿಂದು. ಅದನ್ನ ನಾನು ಮುಟ್ಟಲ್ಲ. ಚಿನ್ನ ಆದ್ರೂ ಮುಟ್ಟಲ್ಲ."

ನಾನು ಬಲಗಡೆಯ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡೆ.

"ನೋಡಿ, ಇದಕ್ಕೇ ವೈರಸ್ ಅನ್ನೋದು" ಎಂದರು, ಉಳಿದವರ ಕಡೆ ತಿರುಗಿ.

ಇನ್ನೊಂದು ಮಾತು ಅವರದು ಇಡೀ ಆಫೀಸಿನಲ್ಲಿ ಓಡಾಡುತ್ತಿತ್ತು. ಯಾರಾದರೂ "ನನ್ ಮಷೀನಲ್ಲಿ ಓಡ್ತು ಸರ್" ಎಂದರೆ ಸಾಕು, ಕನ್ನಡಕ ಹಣೆಗೇರಿಸಿ ಹೇಳುತ್ತಿದ್ದರು: "ನಿನ್ ಮಷೀನು ನಿನಗೆ ನೆಂಟ ಕಣಪ್ಪ. ನೆಂಟರ ಸಾಕ್ಷಿ ನಡೆಯಲ್ಲ." ಅದಕ್ಕೆಂದೇ ಅವರು ತಮ್ಮ ಮನೆಯ ಹಾಲಿನಲ್ಲಿ, ದೇವರ ಕೋಣೆಯ ಪಕ್ಕದ ಗೋಡೆಗೆ ಒಂದು ನಿಜವಾದ ಲಿಫ್ಟ್ ಪೆಟ್ಟಿಗೆಯನ್ನೇ ಹಾಕಿಸಿಕೊಂಡಿದ್ದರು. ಯಾವುದೋ ಹಳೆಯ ಕಟ್ಟಡ ಕೆಡವಿದಾಗ ತಂದ ಸೆನ್ಸರ್‌ಗಳು, ಒಂದರಿಂದ ಒಂಬತ್ತರವರೆಗೆ ಮಹಡಿ ದೀಪಗಳು. ಅವರ ಹೆಂಡತಿ ಗಿರಿಜಾ ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರಂತೆ: "ನಮ್ಮನೇಲಿ ಲಿಫ್ಟಿದೆ. ಮಹಡಿ ಒಂದೇ ಇಲ್ಲ."

ಈಗ ಆ ಚರ್ಚೆಯ ವಿಷಯ.

ಬಲಗಡೆ, ಅಂದರೆ ಪ್ರೋಗ್ರಾಮಿನ ಪಾಲಿಗೆ, ಅದಕ್ಕೆ ಅರ್ಥವಾಗದ ಮಾತೊಂದು ಬಂದರೆ ಏನು ಮಾಡಬೇಕು? ಗಂಗಾಧರಯ್ಯನವರ ಕಾಲದಿಂದ ಬಂದ ಪದ್ಧತಿ: ನಿಲ್ಲಬೇಕು. ಹೊರಡುವುದೇ ಇಲ್ಲ, ಕೆಂಪು ದೀಪ. ಇದನ್ನು ಬದಲಿಸಬೇಕೆಂದು ನಾನು ಹೊರಟೆ. ಅರ್ಥವಾಗದ್ದನ್ನು ಬಿಟ್ಟು, ಉಳಿದದ್ದನ್ನು ತೆಗೆದುಕೊಂಡು ಹೊರಡಲಿ ಎಂದು ನನ್ನ ವಾದ. ಕಂಪನಿಯ ಯಜಮಾನ ಪ್ರಕಾಶ್ ಅವರ ಮುಂದೆ ಮೀಟಿಂಗು. ನಾನು ಎದ್ದುನಿಂತೇ ಮಾತಾಡಿದೆ, ಹಳೆಯ ಚಾಳಿ.

"ಗೊತ್ತಿಲ್ದಿರೋ ಒಂದು ಮಾತು ಕಿವಿಗೆ ಬಿದ್ದ ತಕ್ಷಣ ಯಾರಾದ್ರೂ ಕೆಲ್ಸ ನಿಲ್ಸಿಬಿಡ್ತಾರಾ ಸರ್?"

"ನಿಲ್ಲಿಸ್ಬೇಕು. ಏನಂದ್ರಿ ಅಂತ ಕೇಳ್ಬೇಕು."

"ಕರೆಂಟ್ ಬಂದಿದೆ. ಲಿಫ್ಟಲ್ಲಿ ಮಗು ಎತ್ಕೊಂಡಿರೋ ತಾಯಿ ಇದಾಳೆ. ನಿಮ್ ಪೆಟ್ಟಿಗೆ ಮೇಲ್ಗಡೆ ಕೂತ್ಕೊಂಡು ಏನಂದ್ರಿ, ಏನಂದ್ರಿ ಅಂತಿದೆ. ಚೆನ್ನಾಗಿರತ್ತಾ?"

ಪ್ರಕಾಶ್ ನಕ್ಕುಬಿಟ್ಟರು. ತೀರ್ಪು ಕೊಡುವವರು ನಕ್ಕರೆ ಗೆದ್ದಂತೆ, ಇದು ಚರ್ಚಾಸ್ಪರ್ಧೆಯಲ್ಲಿ ನಮಗೆ ಮೊದಲ ವರ್ಷವೇ ಹೇಳಿಕೊಟ್ಟ ಪಾಠ. ಆ ನಗುವಿನ ಕೆಳಗೆ ಗಂಗಾಧರಯ್ಯನವರು ಇನ್ನೊಂದು ಮಾತು ಹೇಳಿದರು: "ಪೆಟ್ಟಿಗೆ ಕೂರ್ಸೋ ದಿನ ಕೇಳ್ಲಿ ಅಂತಾನೇ ನಾನೂ ಹೇಳ್ತಿರೋದು. ಅವತ್ತು ಒಳಗೆ ಯಾರೂ ಇರಲ್ಲ." ಒಳ್ಳೆಯ ಪ್ರತಿವಾದ. ನನಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸಲಿಲ್ಲ ಎಂಬುದೂ ತಿಳಿಯಿತು. ಅದನ್ನು ಎತ್ತಿ ಉತ್ತರ ಕೊಡುವ ಜವಾಬ್ದಾರಿ ನನ್ನದಲ್ಲವೆಂದುಕೊಂಡು ಸುಮ್ಮನೆ ಕುಳಿತೆ.

"ಗೆದ್ದೆ ಬಿಡು ಲಾಯರಮ್ಮ" ಎಂದು ಗಂಗಾಧರಯ್ಯನವರೇ ಸಹಿ ಹಾಕಿಕೊಟ್ಟರು.

ಅದಾಗಿ ಕೆಲವು ತಿಂಗಳಿಗೆ ಗೊಟ್ಟಿಗೆರೆಯ ಒಂದು ಅಪಾರ್ಟ್‌ಮೆಂಟಿಗೆ ನಮ್ಮ ಪೆಟ್ಟಿಗೆ ಹೋಯಿತು. ಒಂಬತ್ತು ಮಹಡಿ, ಉದ್ದುದ್ದ ವೈರು. ಕರೆಂಟು ಬಂದ ಮೇಲೆ ಅಲ್ಲಿನ ಸೆನ್ಸರ್‌ಗಳು ಏಳುವುದಕ್ಕೆ ನಾಲ್ಕು ಸೆಕೆಂಡು ಬೇಕು. ಅಲ್ಲಿಯವರೆಗೆ ಕಾಯಬೇಕೆಂದು ರನ್‌ಟೈಮಿಗೆ ಹೇಳುವ ಒಂದು ಮಾತಿದೆ, ಅದರ ಹೆಸರು "ತಾಳು". ಅದು ಲೋಟದ ಎಡಗಡೆಯ ಬಿಸ್ಕತ್ತು. ಗೊಟ್ಟಿಗೆರೆಗೆ ಆಜ್ಞೆಯ ಸಾಲು ಬರೆದು ಕಳಿಸಿದ ಹಾಳೆಯಲ್ಲಿ ಅದು ಬಲಗಡೆ ಬಿದ್ದಿತ್ತು. ತನ್ನ ಪಾಲಿಗೆ ಬಂದ "ತಾಳು" ಏನೆಂದು ಪ್ರೋಗ್ರಾಮಿಗೆ ಅರ್ಥವಾಗಲಿಲ್ಲ. ನಾನು ಗೆದ್ದುಕೊಂಡಿದ್ದ ನಿಯಮದ ಪ್ರಕಾರ ಅದನ್ನು ಬಿಟ್ಟು, ತಾಳದೆ, ಹೊರಟಿತು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಸೆನ್ಸರ್‌ಗಳು ಇನ್ನೂ ಎದ್ದಿರಲಿಲ್ಲ. ತಾನು ಯಾವ ಮಹಡಿಯಲ್ಲಿದ್ದೇನೆಂದು ಲಿಫ್ಟಿಗೆ ತಿಳಿಯಲಿಲ್ಲ. ತಿಳಿಯದಿದ್ದರೆ ಮೆಕ್ಯಾನಿಕ್ ಬಂದು ಬಿಡಿಸುವವರೆಗೆ ಅಲುಗಾಡಬಾರದು, ಅದು ಸರಿಯಾದ ನಿಯಮವೇ. ಅಲುಗಾಡಲಿಲ್ಲ. ಐದು ಮತ್ತು ಆರನೆಯ ಮಹಡಿಗಳ ನಡುವೆ, ಒಳಗೆ ದೀಪವೂ ಇಲ್ಲದೆ, ಮೂರು ಮನೆಗಳಲ್ಲಿ ಅಡುಗೆ ಮಾಡುವ ಸರೋಜಮ್ಮ ಎಂಬುವರು ಮುಕ್ಕಾಲು ಗಂಟೆ ನಿಂತಿದ್ದರು. ಮೈಗೆ ಏನೂ ಆಗಲಿಲ್ಲ. ಆದರೆ ಹೊರಗೆ ತೆಗೆದಾಗ ಮಾತು ಬರುತ್ತಿರಲಿಲ್ಲವಂತೆ. ಆಮೇಲೆ ಅವರು ಯಾವ ಲಿಫ್ಟನ್ನೂ ಹತ್ತಲಿಲ್ಲ. ಮಂಡಿನೋವು ಇಟ್ಟುಕೊಂಡು ಒಂಬತ್ತು ಮಹಡಿಯನ್ನು ಮೆಟ್ಟಿಲಲ್ಲೇ ಹತ್ತುತ್ತಾರೆ ಎಂದು ಅಲ್ಲಿಂದ ಬಂದ ಮೆಕ್ಯಾನಿಕ್ ಹೇಳಿದ.

ಮತ್ತೆ ಅದೇ ಕೋಣೆ, ಅದೇ ಮೇಜು.

"ಹಾಳೆ ಬರೆದೋನು ನಾನು" ಎಂದರು ಗಂಗಾಧರಯ್ಯನವರು. ಅಂದು ಅವರು ಹೊಸ್ತಿಲಲ್ಲಿ ನಿಂತಿದ್ದು ಎರಡು ಕ್ಷಣಕ್ಕಿಂತ ಹೆಚ್ಚು. "ಎಡ ಬಲ ಮಾಡ್ಬಿಟ್ಟೆ. ಪರೀಕ್ಷೆ ಮಾಡ್ದೋನೂ ನಾನೇ. ನಮ್ಮನೆ ಪೆಟ್ಟಿಗೇಲಿ ಓಡ್ತು."

ಪ್ರಕಾಶ್ ತಲೆಯಾಡಿಸಿದರು. "ಸರ್, ಬರೆಯೋವಾಗ ಕೈತಪ್ಪು ಯಾರಿಗಾದ್ರೂ ಆಗತ್ತೆ. ಪೆಟ್ಟಿಗೆ ಅದನ್ನ ಯಾಕೆ ಹಿಡೀಲಿಲ್ಲ? ಮುಂಚೆ ಹಿಡೀತಿತ್ತಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ಏಳು ನಿಮಿಷ ಯಾರ ಮುಂದೆ ಬೇಕಾದರೂ ಮಾತಾಡಬಲ್ಲ ನಾನು ಮೇಜಿನ ಮೇಲಿದ್ದ ಹಾಳೆ ನೋಡುತ್ತ ಕುಳಿತೆ. ಗಂಗಾಧರಯ್ಯನವರೇ ಮುಂದುವರಿಸಿದರು.

"ಅದಕ್ಕೂ ಸಹಿ ಹಾಕಿದ್ದು ನಾನೇ ಅಲ್ವಾ. ನನ್ ಹೆಸರಿಗೇ ಬರ್ಕೊಳ್ಳಿ. ತಪ್ಪು ನಂದು."

ಬರೆದುಕೊಂಡರು. ಗೊಟ್ಟಿಗೆರೆಯ ಹಾಳೆ ತಿದ್ದಿ "ತಾಳು" ಎಂಬುದನ್ನು ಎಡಕ್ಕೆ ತಂದರು. ತಿಂಗಳೊಳಗೆ ಅವರು "ಸಾಕು ಕಣಪ್ಪ" ಎಂದು ಕೆಲಸ ಬಿಟ್ಟರು. ಯಾರೂ ಬಿಡಿಸಲಿಲ್ಲ, ಬಿಡಬೇಡಿ ಎಂದು ಗಟ್ಟಿಯಾಗಿ ಯಾರೂ ಹೇಳಲೂ ಇಲ್ಲ. ನಾನಂತೂ ಅವರನ್ನು ಮನಸ್ಸಿನಲ್ಲೇ ಒಂದು ಪೀಠದ ಮೇಲೆ ಕೂರಿಸಿಬಿಟ್ಟೆ. ನನ್ನ ತಪ್ಪನ್ನು ಹೊತ್ತುಕೊಂಡು ಹೋದ ದೊಡ್ಡ ಮನುಷ್ಯ.

ಒಂದು ಪ್ರಶ್ನೆ ಆಗಲೇ ಕೇಳಬೇಕಿತ್ತು: ಆ ತಪ್ಪು ಸಾಲು ಕತ್ರಿಗುಪ್ಪೆಯ ಪೆಟ್ಟಿಗೆಯಲ್ಲಿ ಹೇಗೆ ಓಡಿತು? ಅಲ್ಲಿಯ ಸೆನ್ಸರ್‌ಗಳೂ ತಡವಾಗಿಯೇ ಏಳುವಂಥವು. ಅಲ್ಲೂ ಕೆಡಬೇಕಿತ್ತು. ಎದುರಾಳಿಯ ವಾದದಲ್ಲಿ ಇಷ್ಟು ದೊಡ್ಡ ತೂತು ಕಂಡಿದ್ದರೆ ನಾನು ಬಿಡುತ್ತಿದ್ದೆನೇ? ಆದರೆ ಅಪರಾಧಿ ನಾನೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ತೀರ್ಪು ಬಂದ ಮೇಲೆ ಸಾಕ್ಷಿ ಯಾರು ನೋಡುತ್ತಾರೆ?

ಅವರನ್ನು ಕೊನೆಯ ಸಲ ನೋಡಿದ್ದು ಜಯನಗರ ನಾಲ್ಕನೇ ಬ್ಲಾಕಿನ ಒಂದು ದರ್ಶಿನಿಯಲ್ಲಿ, ಬೆಳಗಿನ ಹನ್ನೊಂದರ ಹೊತ್ತಿಗೆ. ಅವರೇ ಫೋನ್ ಮಾಡಿ ಕರೆದಿದ್ದರು. ಒಂಚೂರು ಇಳಿದಿದ್ದರು, ಅಂಗಿಯ ಕೊರಳು ದೊಡ್ಡದಾದಂತೆ ಕಾಣುತ್ತಿತ್ತು. ನಿಂತುಕೊಂಡು ಕಾಫಿ ಕುಡಿಯುವ ಮೇಜಿನ ಮೇಲೆ, ಅಭ್ಯಾಸಬಲದಿಂದ, ಲೋಟವನ್ನು ನಡುವೆ ಇಟ್ಟರು.

"ಲಾಯರಮ್ಮ, ಒಂದ್ ಮಾತು ಹೇಳ್ಬೇಕಿತ್ತು. ಆ ಗೊಟ್ಟಿಗೆರೆ ತಪ್ಪು ನಂದೇ ಕಣಮ್ಮ."

"ಇಲ್ಲ ಸರ್."

"ಪೂರ್ತಿ ಕೇಳು."

"ಸರ್, ಕೇಳೋದೇನಿಲ್ಲ. ಒಂದು, ಹಾಳೆ ತಪ್ಪು ಬರೆಯೋದು ಮನುಷ್ಯರ ಗುಣ, ಅದನ್ನ ಹಿಡಿಯೋದು ಪೆಟ್ಟಿಗೆ ಕೆಲ್ಸ. ಎರಡು, ಹಿಡೀತಿದ್ದ ಪೆಟ್ಟಿಗೇನ ಹಿಡೀದಂಗೆ ಮಾಡಿದ್ದು ನಾನು. ಮೂರು, ನೀವು ಬೇಡ ಅಂದಿದ್ರಿ, ಅದು ನಾನು ಕೇಳಿಸ್ಕೊಂಡೂ ಕೇಳಿಸ್ಕೊಳ್ಳದ ಹಾಗಿದ್ದೆ. ಇನ್ನೇನ್ ಉಳೀತು ನಿಮ್ ತಪ್ಪು?"

"ಅಲ್ಲ ಕಣಮ್ಮ, ನಮ್ಮನೇಲಿ ಪರೀಕ್ಷೆ ಮಾಡ್ದಾಗ..."

"ನೀವು ನನ್ನ ಉಳಿಸೋಕ್ ನೋಡ್ತಿದೀರ. ನಂಗದು ಬೇಡ ಸರ್. ದಯವಿಟ್ಟು ನನ್ ತಪ್ಪು ನಂಗೆ ಬಿಟ್ಬಿಡಿ."

ವಾದ ಚೆನ್ನಾಗಿಯೇ ಇತ್ತು. ಪಕ್ಕದ ಮೇಜಿನವರು ಇಡ್ಲಿ ಬಿಟ್ಟು ನೋಡುತ್ತಿದ್ದರು. ಗಂಗಾಧರಯ್ಯನವರು ಲೋಟವನ್ನು ಅತ್ತಿತ್ತ ಸರಿಸಿದರು. ಆಮೇಲೆ ನಕ್ಕರು.

"ಗೆದ್ದೆ ಬಿಡು" ಎಂದರು. "ಒಂದಿನ ಮನೆಗ್ ಬಾ. ಒಂದ್ ತೋರಿಸ್ಬೇಕು."

ಹೂಂ ಎಂದೆ. ಹೋಗಲಿಲ್ಲ. ಮೂರನೆಯ ವಾರಕ್ಕೆ ಸುದ್ದಿ ಬಂತು. ಬೆಳಿಗ್ಗೆ ಸ್ನಾನ ಮಾಡಿ ದೇವರ ಕೋಣೆಗೆ ಹೋಗುವಾಗ, ಎಂದಿನಂತೆ ಹೊಸ್ತಿಲಲ್ಲಿ ನಿಂತರಂತೆ. ನಿಂತವರು ಹಾಗೇ ಗೋಡೆ ಹಿಡಿದು ಕುಳಿತರಂತೆ. ಗಿರಿಜಾ ಆಂಟಿ ಅಡುಗೆಮನೆಯಿಂದ ಬರುವಷ್ಟರಲ್ಲಿ ಆಗಿಹೋಗಿತ್ತು.

ಒಂದು ವರ್ಷ ಕಳೆಯಿತು. ರನ್‌ಟೈಮ್ ಎದ್ದು ಹೊರಡುವ ಹೊತ್ತನ್ನು ಇನ್ನೂ ಕಡಿಮೆ ಮಾಡಬೇಕೆಂದು ಪ್ರಕಾಶ್ ಆ ಕೆಲಸವನ್ನು ನನಗೆ ಕೊಟ್ಟರು. ಗಂಗಾಧರಯ್ಯನವರ ಕುರ್ಚಿ, ಅವರು ಬರೆದ ಕೋಡು. ಯಂತ್ರವೊಂದು ಎದ್ದ ಕ್ಷಣದಿಂದ ಏನೇನು ಮಾಡುತ್ತದೆ ಎಂಬುದನ್ನು ಸಾಲುಸಾಲಾಗಿ ಬರೆದು ತೋರಿಸುವ ಉಪಕರಣವಿದೆ, ಅದನ್ನು ಹಾಕಿದೆ. ಜಾಗ ಕೇಳಿತು. ಸಿಕ್ಕಿತು. ಗಡಿಯಾರ ನೋಡಿತು. ಆಜ್ಞೆಯ ಸಾಲು ಓದುವುದಕ್ಕೆ ಸ್ವಲ್ಪ ಮುಂಚೆ ಒಂದು ಸಾಲು:

"ಗಂಗಾಧರ" ಎಂಬುವರ ಮನೆಯಲ್ಲಿ "ಹೊಸ್ತಿಲು" ಎಂಬ ಫೈಲನ್ನು ತೆರೆಯಲು ನೋಡಿತು. ಅಂಥ ಫೈಲಿಲ್ಲ.

ಮನೆ ಎಂದರೆ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಇರುವ ಸ್ವಂತ ಜಾಗ, ಅಷ್ಟೇ. ಅದು ನನಗೆ ಗೊತ್ತು. ಆದರೂ ಮತ್ತೆ ಓಡಿಸಿದೆ. ಮತ್ತೆ ಹೋಗಿ ಕೇಳಿತು. ಇಲ್ಲ. ಹತ್ತು ಸಲ ಓಡಿಸಿದೆ. ಹತ್ತು ಸಲವೂ ಎದ್ದ ಕೂಡಲೇ, ಬೇರೆ ಯಾರ ಮಾತನ್ನೂ ಕೇಳುವ ಮುಂಚೆ, ಅದು ಅವರನ್ನೇ ಹುಡುಕಿತು. ಕೆಳಗೆ ಬ್ಲೌಸಿನ ಅಂಗಡಿಯ ಮಷಿನ್ನುಗಳು ಒಂದು ಗಳಿಗೆ ನಿಂತು ಮತ್ತೆ ಶುರುವಾದವು.

ಒಂದು ಗಂಟೆಯಲ್ಲಿ ವಿವರಣೆ ಸಿಕ್ಕಿತು. ಅವರು ತಮ್ಮ ಕೆಲಸದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅದು: ದಿನಾ ಬೇಕಾಗುವ ಮಾತುಗಳನ್ನು ಆ ಫೈಲಿನಲ್ಲಿ ಬರೆದಿಟ್ಟರೆ, ಆಜ್ಞೆಯ ಸಾಲಿನಲ್ಲಿ ಹೇಳದಿದ್ದರೂ ರನ್‌ಟೈಮ್ ತಾನಾಗಿ ತೆಗೆದುಕೊಳ್ಳುತ್ತದೆ. ಹೊರಗೆ ಕಳಿಸುವ ಮುಂಚೆ ಆ ಸಾಲನ್ನು ಕಿತ್ತುಹಾಕಬೇಕಿತ್ತು. ಮರೆತಿದ್ದರು. ಅವರ ಮನೆಯ ವಿಳಾಸ ಹೊತ್ತುಕೊಂಡೇ ಪೆಟ್ಟಿಗೆಗಳೆಲ್ಲ ಊರು ತುಂಬ ಹೋಗಿದ್ದವು. ಅಂಜನಾಪುರ, ಜೆಪಿ ನಗರ, ಗೊಟ್ಟಿಗೆರೆ, ಎಲ್ಲ ಕಡೆಯೂ ಉತ್ತರ ಒಂದೇ. ಎಲ್ಲ ಕಡೆಯೂ, ಒಂದು ಕಡೆ ಬಿಟ್ಟು.

ಅದು ಹೊಳೆದ ಕೂಡಲೇ ಕತ್ರಿಗುಪ್ಪೆಗೆ ಹೋದೆ. ಒಂದು ವರ್ಷ ತಡವಾಗಿ.

ಗಿರಿಜಾ ಆಂಟಿ ಬಾಗಿಲು ತೆಗೆದು, "ನೀನೇನಾ ಲಾಯರಮ್ಮ? ಬರ್ತೀಯ ಅಂತ ಹೇಳಿದ್ರು" ಎಂದರು. ಯಾವಾಗ ಹೇಳಿದ್ದೆಂದು ನಾನು ಕೇಳಲಿಲ್ಲ. ಹಾಲಿನ ಗೋಡೆಯ ಮೇಲೆ ಆ ಪೆಟ್ಟಿಗೆ, ಅದರ ಕೆಳಗೆ ಅವರ ಕಂಪ್ಯೂಟರು. ಎರಡೂ ಹೊತ್ತಿಕೊಂಡೇ ಇದ್ದವು. ಒಂದನೆಯ ಮಹಡಿಯ ದೀಪ ಉರಿಯುತ್ತಿತ್ತು.

"ಆರಿಸಿಲ್ವಾ ಆಂಟಿ?"

"ಕರೆಂಟ್ ಹೋಗಿ ಬಂದಾಗೆಲ್ಲ ಅದು ಒಂದ್ಸಲ ಒಂಬತ್ರವರೆಗೆ ಹೋಗಿ ಇಳ್ಕೊಂಡ್ ಬರತ್ತೆ. ಟಿಕ್ ಟಿಕ್ ಅಂತ. ಮನೇಲಿ ಇನ್ಯಾರ ಸದ್ದಿದೆ? ಇರ್ಲಿ ಬಿಡು."

ಅವರು ಕಾಫಿ ತರುವಷ್ಟರಲ್ಲಿ ಫೈಲು ಸಿಕ್ಕಿತು. ಹೊಸ್ತಿಲು. ಒಳಗೆ ಎರಡೇ ಸಾಲು. ಮೊದಲನೆಯದು: "ತಾಳು".

ಈ ಮನೆಯಲ್ಲಿ ಯಾವ ಸಾಲನ್ನು ಓಡಿಸಿದರೂ, ಎಡಕ್ಕೆ ಬರೆಯಲಿ, ಬಲಕ್ಕೆ ಬರೆಯಲಿ, ಬರೆಯದೇ ಇರಲಿ, ಈ ಯಂತ್ರ ತಾಳುತ್ತಿತ್ತು. ಅವರ ತಪ್ಪನ್ನು ಅವರ ಫೈಲೇ ಮುಚ್ಚಿಹಾಕಿತ್ತು. ನೆಂಟರ ಸಾಕ್ಷಿ ನಡೆಯಲ್ಲ ಎಂದು ಊರಿಗೆಲ್ಲ ಹೇಳಿದವರು ನೆಂಟನ ಸಾಕ್ಷಿಯನ್ನೇ ನಂಬಿ ಗೊಟ್ಟಿಗೆರೆಗೆ ಹಾಳೆ ಕಳಿಸಿದ್ದರು.

ಎರಡನೆಯ ಸಾಲು ಯಂತ್ರಕ್ಕಲ್ಲ, ಓದುವ ಮನುಷ್ಯರಿಗೆ ಬರೆದದ್ದು: "ಇದನ್ನು ತೆಗೆದು ಪರೀಕ್ಷೆ ಮಾಡಬೇಕಿತ್ತು. ಮಾಡಲಿಲ್ಲ." ಫೈಲನ್ನು ಕೊನೆಯ ಸಲ ತಿದ್ದಿದ ತಾರೀಕು ಸರೋಜಮ್ಮ ಸಿಕ್ಕಿಕೊಂಡ ಮರುದಿನದ್ದು.

ಅಂದರೆ ಅವರು ನನ್ನನ್ನು ಉಳಿಸುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಮೀಟಿಂಗಿನಲ್ಲಿ ಒಮ್ಮೆ, ದರ್ಶಿನಿಯಲ್ಲಿ ಒಮ್ಮೆ. ಜೀವಮಾನದಲ್ಲಿ ಒಬ್ಬ ಮನುಷ್ಯ ತನ್ನ ತಪ್ಪನ್ನು ಒಬ್ಬರ ಮುಂದಿಡಲು ಬಂದಾಗ, ಅದು ನಿಮ್ಮದಲ್ಲವೆಂದು ಒಂದು, ಎರಡು, ಮೂರು ಎಣಿಸಿ ನಾನು ಸಾಧಿಸಿ ಕಳಿಸಿದ್ದೆ.

"ಏನಾದ್ರೂ ಸಿಕ್ತಾ?" ಎಂದರು ಆಂಟಿ.

"ಹೂಂ ಆಂಟಿ. ಇದನ್ನೇ ತೋರಿಸ್ಬೇಕು ಅಂದಿದ್ರು."

ವರದಿಯಲ್ಲಿ ಎರಡು ತಪ್ಪುಗಳನ್ನೂ ಬರೆದೆ, ಅವರದು ಮತ್ತು ನನ್ನದು. ಅರ್ಥವಾಗದ ಮಾತು ಬಂದರೆ ಪೆಟ್ಟಿಗೆ ಕೂರಿಸುವ ದಿನವೇ ನಿಂತು ಕೇಳಬೇಕೆಂದು ನಿಯಮವನ್ನು ತಿದ್ದಿದೆ. ಆ ಮನೆ ಹುಡುಕುವ ಸಾಲನ್ನೂ ತೆಗೆಯಲೇಬೇಕಿತ್ತು. ಯಾರಾದರೂ ಆ ಹೆಸರಿನ ಜಾಗ ಮಾಡಿ ಅಲ್ಲೊಂದು ಫೈಲಿಟ್ಟರೆ ಲಿಫ್ಟು ಅದರ ಮಾತನ್ನೂ ಕೇಳುತ್ತದೆ, ಅಪಾಯ. ವಾದಕ್ಕೆ ಎರಡನೆಯ ಪಕ್ಷವೇ ಇರಲಿಲ್ಲ. ಆದರೂ ತೆಗೆಯಲು ನಾಲ್ಕು ದಿನ ಬೇಕಾಯಿತು. ಕತ್ರಿಗುಪ್ಪೆಯ ಪೆಟ್ಟಿಗೆಯನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿ ಅದು ಕೇಳಿದರೆ ಉತ್ತರ ಸಿಗುತ್ತದೆ.

ಹೊಸ ರನ್‌ಟೈಮ್ ಹಾಕಲು ಗೊಟ್ಟಿಗೆರೆಗೆ ನಾನೇ ಹೋದೆ. ಲಿಫ್ಟಿನ ಮುಂದೆ ನಿಂತಿದ್ದಾಗ, ಕೈಯಲ್ಲಿ ಸೊಪ್ಪಿನ ಬ್ಯಾಗ್ ಹಿಡಿದ ಒಬ್ಬರು ನನ್ನನ್ನು ದಾಟಿ ಮೆಟ್ಟಿಲ ಕಡೆ ತಿರುಗಿದರು. ಒಂದು ಕಾಲನ್ನು ಎಳೆದಿಡುತ್ತಿದ್ದರು. ಕೇಳದೆಯೇ ಗೊತ್ತಾಯಿತು.

"ಸರೋಜಮ್ಮ ಅಲ್ವಾ? ಲಿಫ್ಟಲ್ಲಿ ಬನ್ನಿ, ನಾನೂ ಜೊತೇಲಿರ್ತೀನಿ. ಈಗ ಸರಿ ಆಗಿದೆ."

"ಅದು ಸರಿ ಆಗಿದೆ ಅಂತ ಗೊತ್ತು ಮೇಡಂ. ನಾನ್ ಸರಿ ಆಗಿಲ್ಲ. ನೀವ್ ಹೋಗಿ."

ನನ್ನ ಬಳಿ ಮೂರು ವಾದಗಳಿದ್ದವು. ಮೂರೂ ಸರಿಯಾದವು. ಅವನ್ನು ನುಂಗಿ, ಅವರ ಬ್ಯಾಗ್ ತೆಗೆದುಕೊಂಡು ಮೆಟ್ಟಿಲು ಹತ್ತತೊಡಗಿದೆ. ಮೂರನೆಯ ಮಹಡಿಯಲ್ಲಿ ಅವರು ಗೋಡೆಗೊರಗಿ ಉಸಿರು ತೆಗೆದುಕೊಂಡರು.

"ಆ ಸಾರೂ ಹಿಂಗೇ ಬ್ಯಾಗ್ ಕಿತ್ಕೊಳ್ತಿದ್ರು" ಎಂದರು.

"ಯಾವ ಸಾರು?"

"ವಿಭೂತಿ ಇಡ್ತಿದ್ರಲ್ಲ, ನಿಮ್ ಕಂಪ್ನಿಯೋರೇ. ಶನಿವಾರ ಶನಿವಾರ ಬರೋರು. ನನ್ ಜೊತೆ ಒಂಬತ್ತು ಮಹಡೀನೂ ಹತ್ತೋರು. ಬೇಡಿ ಸಾರ್, ನಿಮ್ಗೂ ವಯಸ್ಸಾಗಿದೆ ಅಂದ್ರೆ ಕೇಳ್ತಿರ್ಲಿಲ್ಲ. ಆಮೇಲ್ ಬರೋದೇ ನಿಲ್ಲಿಸ್ಬಿಟ್ರು."

"ತೀರ್ಕೊಂಡ್ರು ಅಮ್ಮ."

ಅವರು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಐದನೆಯ ಮಹಡಿ ದಾಟಿದ ಮೇಲೆ ನಾನೇ ಕೇಳಿದೆ.

"ಅವ್ರು ನಿಮ್ ಹತ್ರ ಏನಾದ್ರೂ ಹೇಳಿದ್ರಾ?"

"ಮೊದಲ್ನೇ ದಿನವೇ ಹೇಳಿದ್ರು. ಅಮ್ಮ, ನಿಮ್ಗಾಗಿದ್ದಕ್ಕೆ ತಪ್ಪು ನಂದು, ಅಂತ."

"ನೀವೇನಂದ್ರಿ?"

"ಹೂಂ ಅಂದೆ."

"ಅಷ್ಟೇನಾ?"

"ಇನ್ನೇನ್ ಅನ್ಲಿ ಮೇಡಂ? ತಪ್ಪು ನಂದು ಅಂತ ಅವರೇ ಬಂದು ಹೇಳ್ತಿರೋವಾಗ, ಅಲ್ಲ ಅನ್ನೋಕೆ ನಾನ್ಯಾರು? ಹೂಂ ಅಂದೆ. ಅವತ್ತು ಅವರು ಮನೆ ಜನರ ತರ ಮೆಟ್ಲ ಮೇಲೇ ಕೂತ್ಕೊಂಡ್ರು. ಬಾಟ್ಲಲ್ಲಿ ನೀರಿತ್ತು, ಕೊಟ್ಟೆ. ಕುಡಿದ್ರು."

ಒಂಬತ್ತನೆಯ ಮಹಡಿಯಲ್ಲಿ ಬ್ಯಾಗ್ ಕೊಟ್ಟು, ಇನ್ನೊಂದು ಮಹಡಿ ಹತ್ತಿ ತಾರಸಿಯ ಮೇಲಿನ ಮೋಟರ್ ಕೋಣೆಗೆ ಹೋದೆ. ಬಿಸಿಲಿಗೆ ತಗಡಿನ ಬಾಗಿಲು ಕಾದಿತ್ತು. ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದೆ. ಹೊಸದನ್ನು ಹಾಕುವ ಮುಂಚೆ ಹಳೆಯದನ್ನು ಒಂದು ಸಲ ಆರಿಸಿ ಹೊತ್ತಿಸಬೇಕೆಂದು ಯಾವ ಹಾಳೆಯಲ್ಲೂ ಬರೆದಿಲ್ಲ. ಆದರೂ ಆರಿಸಿ ಹೊತ್ತಿಸಿದೆ.

ಎದ್ದಿತು. ಜಾಗ ಕೇಳಿತು. ಗಡಿಯಾರ ನೋಡಿತು. ಗಂಗಾಧರಯ್ಯನವರ ಮನೆಗೆ ಹೋಗಿ ಹೊಸ್ತಿಲನ್ನು ಹುಡುಕಿತು. ಇಲ್ಲ ಎಂಬ ಸಾಲು ಮೂಡಿತು. ನಾಲ್ಕು ಸೆಕೆಂಡು ತಾಳಿ, ಮೋಟರು ಮೆಲ್ಲಗೆ ಗುನುಗಿತು.

"ಹೂಂ ಸರ್" ಎಂದೆ, ಆ ಖಾಲಿ ಕೋಣೆಯಲ್ಲಿ, ಗಟ್ಟಿಯಾಗಿಯೇ. "ನಿಮ್ ತಪ್ಪು ನಿಮ್ದೇ."

ಆಮೇಲೆ ಹೊಸದನ್ನು ಹಾಕಿ ಮತ್ತೊಮ್ಮೆ ಹೊತ್ತಿಸಿದೆ. ಈ ಸಲ ಅದು ಯಾರನ್ನೂ ಕೇಳದೆ ಹೊರಟಿತು.